ಗೋಡೆಗೆ ನಾನೇ ಹಾಕಿಸಿದ ಪರವಾನಗಿ

ಹೊಸದಾಗಿ ಇನ್‌ಸ್ಪೆಕ್ಟರ್ ಆಗಿ ಬರುವವರು ಮೊದಲು ಕೇಳುವುದು ಪ್ರಯಾಣ ಭತ್ಯೆ ಎಷ್ಟು ಎಂದು. ಕೇಳಬೇಕಾದದ್ದು ಬೇರೆ: ತಪಾಸಣೆಗೆ ಹೋಗುವ ಗಾಡಿ ಯಾರದು? ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಈ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಹೇಳಿಬಿಟ್ಟರೆ ಉಳಿದದ್ದು ನಿಮಗೆ ತಾನಾಗಿಯೇ ಅರ್ಥವಾದೀತು. ಆದರೂ ಎಲ್ಲವನ್ನೂ ಬರೆಯುತ್ತೇನೆ. ಮೊಣಕಾಲು ನೋವು, ಹೊರಗೆ ಓಡಾಟವಿಲ್ಲ, ಬರೆಯುವುದೊಂದು ಉಳಿದಿದೆ.

ಸಾಲ ಕೊಡುವವರಿಗೆ, ಗಿರವಿ ಅಂಗಡಿಯವರಿಗೆ ಪರವಾನಗಿ ನವೀಕರಿಸುವುದು, ವರ್ಷಕ್ಕೊಮ್ಮೆ ಅವರ ಅಂಗಡಿಗೆ ಹೋಗಿ ತಪಾಸಣೆ ಮಾಡುವುದು, ತಪ್ಪು ಕಂಡರೆ ಮೇಲಿನವರಿಗೆ ವರದಿ ಬರೆಯುವುದು, ಇಷ್ಟೇ ನನ್ನ ಕೆಲಸ. ಇಲಾಖೆಯ ಹೆಸರು ಬೇಡ, ಅದರ ಪಿಂಚಣಿಯಲ್ಲೇ ಊಟ ಮಾಡುತ್ತಿದ್ದೇನೆ. ತೊಂಬತ್ತರ ದಶಕದ ಆರಂಭದಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಐದಕ್ಕೂ ನಾನೊಬ್ಬನೇ. ನಾನು ಹುಟ್ಟಿದ್ದು ಇದೇ ಸೀಮೆಯ ಕೋಗಳಿಯಲ್ಲಿ, ಹಾಗಾಗಿ ಊರುಗಳೂ ಜನರೂ ಹೊಸತಲ್ಲ. ಹೆಂಡತಿ ಮಕ್ಕಳನ್ನು ಹೊಸಪೇಟೆಯಲ್ಲಿ ಬಿಟ್ಟು ಕೊಟ್ಟೂರಿನಲ್ಲಿ ಒಂದು ಕೋಣೆ ಹಿಡಿದೆ, ಯಾಕೆಂದರೆ ಅಲ್ಲಿಂದ ಎಲ್ಲ ಕಡೆಗೂ ಬಸ್ಸು ಸಿಗುತ್ತಿತ್ತು. ಊಟ ಗುರುಸಿದ್ಧವ್ವನ ಖಾನಾವಳಿಯಲ್ಲಿ. ಗುರುಸಿದ್ಧವ್ವ ನನಗಿಂತ ನಾಲ್ಕೈದು ವರ್ಷ ದೊಡ್ಡವಳು, ಗಂಡ ತೀರಿದ ಮೇಲೆ ಬಾಡಿಗೆ ಮನೆಯ ಪಡಸಾಲೆಯಲ್ಲಿ ನಾಲ್ಕು ಮಣೆ ಹಾಕಿ ಶುರು ಮಾಡಿದವಳು. ಆಕೆಯ ರೊಟ್ಟಿ, ಹೆಸರುಕಾಳಿನ ಪಲ್ಯ, ಗುರೆಳ್ಳು ಚಟ್ನಿ ಉಂಡ ಮೇಲೆ ನನಗೆ ಮನೆಯ ನೆನಪು ಕಡಿಮೆಯಾಯಿತು ಎಂದು ನನ್ನ ಹೆಂಡತಿ ಈಗಲೂ ಹಂಗಿಸುತ್ತಾಳೆ.

ಇಲಾಖೆಗೆ ಒಂದು ಜೀಪಿತ್ತು. ಅದು ಜಿಲ್ಲಾ ಕಚೇರಿಯ ಹಿಂದೆ ನಾಲ್ಕು ಇಟ್ಟಿಗೆಗಳ ಮೇಲೆ ನಿಂತಿತ್ತು. ಹಾಗಾಗಿ ಯಾರ ಅಂಗಡಿಯನ್ನು ತಪಾಸಣೆ ಮಾಡಬೇಕೋ ಅವರೇ ಗಾಡಿ ಕಳಿಸುವುದು ವಾಡಿಕೆ. ಮೊದಲ ವರ್ಷ ನನಗೆ ಹುಮ್ಮಸ್ಸು, ಯಾರ ಗಾಡಿಯೂ ಬೇಡ, ಬಸ್ಸಿನಲ್ಲೇ ಹೋಗುತ್ತೇನೆ ಎಂದು ಹಠ ಹಿಡಿದೆ. ಹಿರೇಹಡಗಲಿಯ ಒಬ್ಬ ಗಿರವಿ ಅಂಗಡಿಯವನ ಮೇಲೆ ದೂರು ಬಂದಿತ್ತು. ಹೋದೆ, ಬಾಗಿಲು ಹಾಕಿತ್ತು. ಪಕ್ಕದ ಚಹಾದಂಗಡಿಯವನು, "ಮೈಲಾರಕ್ಕ ಹೋಗ್ಯಾನ್ರಿ, ದೇವರಿಗೆ" ಎಂದ. ಮುಂದಿನ ವಾರ ಹೋದೆ, ಆಗಲೂ ಮೈಲಾರ. ಮೂರನೆಯ ಸಲವೂ ಅಷ್ಟೇ. ಇಷ್ಟು ಭಕ್ತಿಯುಳ್ಳವನು ಜನರ ಬಂಗಾರ ಹೇಗೆ ನುಂಗಿಯಾನು ಎಂದು ನನಗೇ ಅನುಮಾನ ಬಂತು. ನಾಲ್ಕನೆಯ ಸಲ ಹಡಗಲಿಯಲ್ಲಿ ಬಸ್ ಹತ್ತಿದಾಗ ಕಂಡಕ್ಟರ್ ಟಿಕೆಟ್ ಹರಿಯುವ ಮೊದಲೇ ನಕ್ಕ. "ಇವತ್ತೂ ಅವ ಇಲ್ರಿ ಸಾಹೇಬ್ರ. ಸುಮ್ನ ಯಾಕ ರೊಕ್ಕ ಹಾಳು ಮಾಡ್ಕೊಂತೀರಿ?"

ಆ ಕಂಡಕ್ಟರನ ಹೆಂಡತಿಯ ಸರ ಅದೇ ಅಂಗಡಿಯಲ್ಲಿ ಗಿರವಿ ಇತ್ತು. ನಾನು ಕೊಟ್ಟೂರು ಬಿಟ್ಟ ಸುದ್ದಿ ಕಂಡಕ್ಟರಿಂದ ಕಂಡಕ್ಟರಿಗೆ ದಾಟಿ ನನಗಿಂತ ಮೊದಲು ಹಿರೇಹಡಗಲಿ ಮುಟ್ಟುತ್ತಿತ್ತು. ಮರುತಿಂಗಳಿಂದ ನಾನೂ ಅಂಗಡಿಯವರ ಜೀಪು ಹತ್ತತೊಡಗಿದೆ. ಮೊದಲೆರಡು ಸಲ ನಾಚಿಕೆಯಾಯಿತು. ಆಮೇಲೆ ಗಾಡಿ ತಡವಾಗಿ ಬಂದರೆ ಸಿಟ್ಟು ಬರತೊಡಗಿತು.

ಎಲ್ಲರಿಗಿಂತ ಒಳ್ಳೆಯ ಜೀಪು ಕೊಟ್ಟೂರಿನ ಶೇಖರಪ್ಪನದು. ಹೆಸರು ಬದಲಿಸಿದ್ದೇನೆ. ಸೈಕಲ್ ಬಿಡಿಭಾಗ ಮಾರುತ್ತಿದ್ದವನು ಲೂನಾ ಮೊಪೆಡ್‌ಗೆ, ಪಂಪ್‌ಸೆಟ್‌ಗೆ ಸಾಲ ಕೊಡುತ್ತ ಕೊಡುತ್ತ ಫೈನಾನ್ಸ್ ತೆರೆದ. ಬಿಳಿ ಅಂಗಿ, ಹಣೆಯ ಮೇಲೆ ವಿಭೂತಿ, ದನಿ ಎತ್ತಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಮೊದಲ ತಪಾಸಣೆಯಲ್ಲಿ ಅವನ ಅಂಗಡಿಯಲ್ಲಿ ಒಂದು ತಪ್ಪೂ ಸಿಗಲಿಲ್ಲ. ಬರಿಗೈಲಿ ಹೋಗಲು ನನಗೆ ಮನಸ್ಸಿಲ್ಲ. ಪರವಾನಗಿ ಎಲ್ಲಿ ಎಂದೆ. ಮೇಜಿನ ಖಾನೆಯಿಂದ ತೆಗೆದು ತೋರಿಸಿದ. ಸಿಕ್ಕ, ಅಂದುಕೊಂಡೆ. ಪರವಾನಗಿಯನ್ನು ಜನರಿಗೆ ಕಾಣುವಂತೆ ಗೋಡೆಗೆ ಹಾಕಬೇಕೆಂದು ನಿಯಮವಿದೆ. ಅವನ ಗುಮಾಸ್ತರ ಎದುರೇ ಚೆನ್ನಾಗಿ ಬೈದೆ.

"ತಪ್ಪಾತ್ರಿ ಸಾಹೇಬ್ರ. ನಿಮ್ಮಂಥೋರು ಹೇಳಿದ್ರ ಗೊತ್ತಾಗ್ತೈತಿ" ಎಂದು ಕೈಮುಗಿದ.

ಮುಂದಿನ ಸಲ ಹೋದಾಗ ಪರವಾನಗಿಗೆ ತೇಗದ ಚೌಕಟ್ಟು, ಗಾಜು, ಗಂಧದ ಹಾರ. ಬಾಗಿಲಲ್ಲಿ ಕಾಲಿಟ್ಟವರಿಗೆ ಎದುರಿಗೇ ಕಾಣುತ್ತಿತ್ತು. ಮೇಲೆ ಸರಕಾರದ ಮುದ್ರೆ, ಕೆಳಗೆ ನವೀಕರಣದ ಮೊಹರು, ಮೊಹರಿನ ಪಕ್ಕ ನನ್ನ ಸಹಿ. ನನಗೆ ಹೆಮ್ಮೆಯಾಯಿತು. 'ನ್ಯೂನತೆ ಸರಿಪಡಿಸಲಾಗಿದೆ' ಎಂದು ವರದಿಯಲ್ಲಿ ಬರೆದೆ. ನನ್ನ ಇಡೀ ನೌಕರಿಯಲ್ಲಿ ಶೇಖರಪ್ಪನಂಥವರು ಅಕ್ಷರಶಃ ಪಾಲಿಸಿದ ಆದೇಶ ಅದೊಂದೇ.

ಆ ಪರವಾನಗಿ ಸಾಲ ಕೊಡಲಿಕ್ಕೆ ಮಾತ್ರ. ಜನರಿಂದ ಠೇವಣಿ ತೆಗೆದುಕೊಳ್ಳುವ ಹಕ್ಕು ಅದರಲ್ಲಿಲ್ಲ. ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ನೀರು ಕುಡಿಯಲು ಒಳಕೋಣೆಗೆ ಹೋದೆ. ಅಲ್ಲಿ ಇನ್ನೊಂದು ಕೌಂಟರ್, ಅದರ ಮುಂದೆ ಒಂದು ಸಾಲು. ನಿವೃತ್ತ ಮೇಷ್ಟರು, ಮಂಡಕ್ಕಿ ಭಟ್ಟಿಯವರು, ಹಮಾಲರು, ಸೆರಗಿನ ಗಂಟು ಬಿಚ್ಚುತ್ತ ನಿಂತ ಹೆಂಗಸರು. ಹಣ ಕಟ್ಟಿದವರ ಕೈಗೆ ಹಸಿರು ಬಣ್ಣದ ಠೇವಣಿ ಬಾಂಡು.

"ಏನಿದು ಶೇಖರಪ್ಪನವರ?"

"ಜನಾನ ತಂದು ಇಡ್ತಾರ್ರಿ. ಬ್ಯಾಡ ಅಂದ್ರ ಸಿಟ್ಟಾಗ್ತಾರ. ಗೋಡಿ ಮ್ಯಾಲ ಸರಕಾರದ ಕಾಗದ ನೋಡ್ತಾರ, ನಂಬಿಕಿ ಬರ್ತೈತಿ."

"ಅದು ಸಾಲ ಕೊಡಾಕ ಕೊಟ್ಟಿದ್ದು. ಠೇವಣಿಗಲ್ಲ."

"ನನಗ ಗೊತ್ತೈತ್ರಿ, ನಿಮಗ ಗೊತ್ತೈತಿ. ಅವರಿಗೆ ಯಾರು ಹೇಳ್ತಾರ?" ಎಂದು ನಕ್ಕ. ಆ ಚೌಕಟ್ಟು ಗೋಡೆಗೆ ಏರಿದ್ದು ನನ್ನ ಶಿಸ್ತಿನಿಂದ.

ಅವತ್ತೇ ಕೂತು, ಸಾಲಿನಲ್ಲಿ ಕಂಡವರ ಹೆಸರು ಸಮೇತ ಆರು ಪುಟದ ವರದಿ ಬರೆದೆ. ಪರವಾನಗಿ ರದ್ದು ಮಾಡಬೇಕು, ಅಂಗಡಿಗೆ ಬೀಗ ಹಾಕಬೇಕು, ಇಟ್ಟವರಿಗೆ ಹಣ ವಾಪಸು ಕೊಡಿಸಬೇಕು ಎಂದು. ವರದಿ ಹೋದದ್ದು ನನ್ನ ಮೇಲಧಿಕಾರಿ ರಾಮರಾಯರಿಗೆ. ಮೈಸೂರು ಕಡೆಯವರು, ಯಾರಿಂದಲೂ ಒಂದು ಲೋಟ ಕಾಫಿಯನ್ನೂ ಪುಕ್ಕಟೆ ಕುಡಿದವರಲ್ಲ. ಕಡತದ ಅಂಚಿನಲ್ಲಿ ಅವರು ಒಂದೇ ಪದ ಬರೆದರು: 'ಚರ್ಚಿಸಿ'. ಹೊಸಬರಿಗೆ ಗೊತ್ತಿರಲಿ, ಮೇಲಧಿಕಾರಿ 'ತಿರಸ್ಕರಿಸಿದೆ' ಎಂದು ಬರೆದರೆ ಕಾರಣ ಕೊಡಬೇಕು, 'ಒಪ್ಪಿದೆ' ಎಂದರೆ ಹೊಣೆ ಹೊರಬೇಕು. 'ಚರ್ಚಿಸಿ' ಎಂದರೆ ಎರಡೂ ಬೇಕಿಲ್ಲ. ಚರ್ಚೆಗೆ ಹೋದಾಗ ಅವರು ಕಿಟಕಿಯ ಕಡೆ ನೋಡುತ್ತ, "ಶಾಸಕರು ಫೋನ್ ಮಾಡಿದ್ದರು. ಒಮ್ಮೆ ನೋಡಿ ಬರೋಣ ಬನ್ನಿ" ಎಂದರು.

ಯಾವ ಕ್ಷೇತ್ರ, ಯಾವ ಪಕ್ಷ ಎಂಬುದು ಬೇಡ. ಪಕ್ಷ ಬದಲಾದ ಮೇಲೂ ನನಗೆ ಕೇಳಿಸಿದ್ದು ಅದೇ ಮಾತು. ಪ್ರವಾಸಿ ಮಂದಿರದಲ್ಲಿ ಶಾಸಕರು ಬನಿಯನ್ನಿನಲ್ಲಿ ಕೂತು ನಾಷ್ಟಾ ಮಾಡುತ್ತಿದ್ದರು. ನಮಗೂ ಉಪ್ಪಿಟ್ಟು ತರಿಸಿದರು. ಗದರಿಸುತ್ತಾರೆ ಎಂದುಕೊಂಡು ಹೋಗಿದ್ದೆ, ಅವರು ಗದರಿಸಲಿಲ್ಲ.

"ನೋಡ್ರಿ ಇನ್‌ಸ್ಪೆಕ್ಟರ್, ನೀವು ಬರದದ್ದು ತಪ್ಪು ಅಂತ ನಾ ಅನ್ನಂಗಿಲ್ಲ. ಆದ್ರ ಚುನಾವಣಿ ಹ್ಯಾಂಗ ಮಾಡ್ತೀ ಅಂತ ನನ್ನ ಯಾರಾರ ಕೇಳ್ಯಾರೇನು? ಜೀಪು ಬೇಕು, ಡೀಸೆಲ್ ಬೇಕು, ಮಂದಿಗೆ ಎರಡ್ಹೊತ್ತು ಊಟ ಬೇಕು. ನಾನೇನು ಹೊಲ ಮಾರ್ಲ್ಯಾ? ಶೇಖರಪ್ಪ ಬಂದು ನಿಂತ. ನೀವು ಬಂದಿದ್ರೇನು?"

"ಇಲ್ರಿ" ಎಂದೆ.

"ಮತ್ತ!" ಎಂದು ಉಪ್ಪಿಟ್ಟಿನ ಕಡೆ ಕೈ ತೋರಿಸಿದರು. "ತಿನ್ರಿ, ಆರ್ತೈತಿ."

ನಾವು ವಾಪಸು ಬಂದದ್ದು ಶೇಖರಪ್ಪನ ಜೀಪಿನಲ್ಲಿ. ಬೇರೆ ಗಾಡಿ ಇರಲಿಲ್ಲ. ಸೀಟಿನ ಕೆಳಗೆ ಕಳೆದ ಚುನಾವಣೆಯ ಬಾವುಟಗಳ ಕಟ್ಟು ಇತ್ತು, ಒಂದಲ್ಲ, ಎರಡು ಪಕ್ಷದವು. ಆಮೇಲೊಮ್ಮೆ ಶೇಖರಪ್ಪನನ್ನೇ ಕೇಳಿದೆ. ಅವನು ಮುಚ್ಚಿಡಲಿಲ್ಲ. "ಇಬ್ಬರಿಗೂ ಕೊಡ್ತೀನ್ರಿ. ಗೆದ್ದಾವ ನೆನಪಿಟ್ಕೊಂತಾನ, ಸೋತಾವ ಇನ್ನೂ ಜಾಸ್ತಿ ನೆನಪಿಟ್ಕೊಂತಾನ. ಇದು ಲಂಚ ಅಲ್ಲ, ದೇಣಿಗಿ. ನಿಮಗ ಎಂದಾರ ಒಂದು ಪೈಸೆ ಕೊಡಾಕ ಬಂದೀನೇನು?" ಬಂದಿರಲಿಲ್ಲ. ನನಗೆ ಕೊಡುವ ಅಗತ್ಯವೇ ಅವನಿಗಿರಲಿಲ್ಲ ಎಂಬುದು ತಿಳಿಯಲು ನನಗೆ ವರ್ಷಗಳು ಬೇಕಾದವು. ಇನ್‌ಸ್ಪೆಕ್ಟರನ್ನು ಕೊಂಡರೆ ಒಂದು ವರದಿ ತಪ್ಪುತ್ತದೆ, ಅಷ್ಟೇ. ಅವನು ವರದಿ ಹೋಗಿ ಮುಟ್ಟುವ ಜಾಗಕ್ಕೇ ಮೊದಲು ಹೋಗಿ ಕೂತಿದ್ದ.

ಇಷ್ಟರಲ್ಲಿ ಗುರುಸಿದ್ಧವ್ವನ ಮನೆಯ ವಿಷಯ ಬಂತು. ಖಾನಾವಳಿ ಇದ್ದ ಮನೆಯ ಮಾಲೀಕರು ಅಣ್ಣತಮ್ಮಂದಿರು, ಮಾರುವ ಯೋಚನೆಯಲ್ಲಿದ್ದರು. ಆಕೆಗೇ ಕೊಡುತ್ತೇವೆ ಎಂದು ಮಾತು ಕೊಟ್ಟರು, ಆದರೆ ಅವರಲ್ಲಿ ಪಾಲು ಆಗಬೇಕು, ಒಂದೆರಡು ವರ್ಷ ಹಿಡಿಯುತ್ತದೆ ಎಂದರು. ಹದಿನಾಲ್ಕು ವರ್ಷ ಹೊಗೆ ಕುಡಿದು ಕೂಡಿಸಿದ್ದನ್ನು ಅಲ್ಲಿಯವರೆಗೆ ಎಲ್ಲಿಡುವುದು? ಒಂದು ಮಧ್ಯಾಹ್ನ ನನ್ನ ತಾಟಿಗೆ ಪಲ್ಯ ಹಾಕುತ್ತ ಹೇಳಿದಳು: "ಶೇಖರಪ್ಪನೋರ ಫೈನಾನ್ಸ್‌ನ್ಯಾಗ ಇಟ್ಟೆ ನೋಡ್ರಿ ಸಾಹೇಬ್ರ. ಅಲ್ಲಿ ಗಾಜಿನ್ಯಾಗ ನಿಮ್ಮ ಸಹಿ ಐತಂತಲ್ಲ? ನನಗ ಓದಾಕ ಬರಂಗಿಲ್ಲ, ಗುಮಾಸ್ತ ತೋರಿಸಿದ."

"ಹೌದಕ್ಕ, ನನ್ನದ" ಎಂದೆ. ಅಷ್ಟೇ ಅಂದೆ. ರೊಟ್ಟಿ ಮುರಿಯುತ್ತ ಕೂತೆ.

ಮರುದಿನ ರಾಮರಾಯರ ಬಳಿ ಹೋಗಿ, ಪರಿಚಯದ ಹೆಣ್ಣುಮಗಳೊಬ್ಬಳಿಗೆ ವಿಷಯ ತಿಳಿಸಲೇ ಎಂದು ಕೇಳಿದೆ. ಅವರು ಕನ್ನಡಕ ತೆಗೆದರು. "ನೀವು ಒಬ್ಬರಿಗೆ ಹೇಳಿದರೆ ಊರಿಗೆಲ್ಲ ಹೇಳಿದಂತೆ. ನಾಳೆ ಜನ ಅಂಗಡಿಗೆ ಮುತ್ತಿಗೆ ಹಾಕಿದರೆ, ಗೋಪ್ಯ ವರದಿ ಹೊರಗೆ ಬಿಟ್ಟದ್ದು ಯಾರು ಅಂತ ಕೇಳ್ತಾರೆ. ನಿಮಗೆ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಸ್ವಲ್ಪ ತಾಳಿ, ಆದೇಶ ಬರುತ್ತದೆ." ಬಂದರೆ ಸರಕಾರವೇ ಎಲ್ಲರ ಹಣ ವಾಪಸು ಕೊಡಿಸುತ್ತದೆ, ಆಕೆಯದೂ ಬರುತ್ತದೆ ಎಂದು ನಾನು ನನಗೇ ಹೇಳಿಕೊಂಡೆ. ನೌಕರಿಯ ಹೆದರಿಕೆಗೆ ಅದೊಂದು ಒಳ್ಳೆಯ ಹೊದಿಕೆ.

ಅದೇ ವರ್ಷ ಮೇಲಿನಿಂದ ಒಂದು ಕಾಗದ ಬಂತು. ಜನರ ಠೇವಣಿ ನುಂಗುವ ಬ್ಲೇಡ್ ಕಂಪನಿಗಳ ಹಾವಳಿ ಹೆಚ್ಚಾಗಿದೆ, ನಿಯಮ ಬಿಗಿ ಮಾಡುವ ಯೋಚನೆ ಇದೆ, ತಪಾಸಣೆ ಮಾಡುವವರು ಅಭಿಪ್ರಾಯ ಬರೆಯಿರಿ ಎಂದು. ನನಗೆ ಜೀವ ಬಂದಂತಾಯಿತು. ಹೇಳದೆ ಕೇಳದೆ ಹೋಗಿ ತಪಾಸಣೆ ಮಾಡುವ ಅಧಿಕಾರ ಕೊಡಿ, ತಪ್ಪು ಕಂಡ ದಿನವೇ ಬೀಗ ಹಾಕುವ ಅಧಿಕಾರ ಕೊಡಿ, ಮೊದಲು ಒಂದು ಜೀಪು ಕೊಡಿ ಎಂದು ನಾಲ್ಕು ಪುಟ ಬರೆದೆ.

ತಿಂಗಳೊಳಗೆ ಐದೂ ಊರಿನ ಫೈನಾನ್ಸ್ ಮಾಲೀಕರು ಹಗರಿಬೊಮ್ಮನಹಳ್ಳಿಯ ಕಲ್ಯಾಣ ಮಂಟಪದಲ್ಲಿ ಸಭೆ ಸೇರಿದರು. ಮುಖ್ಯ ಅತಿಥಿ ನಾನು! ರಾಮರಾಯರು ಹೋಗಿ ಬನ್ನಿ ಎಂದರು, ಹೋದೆ. ಶಾಲು ಹೊದಿಸಿದರು. ವೇದಿಕೆಯ ಮೇಲೆ ಆ ಶಾಲಿನಲ್ಲಿ ಬೆವರುತ್ತ ಕೂತಿರುವಾಗಲೇ ಪಕ್ಷಗಳ ನಿಧಿಗೆ ಯಾವ ಊರಿನವರು ಏನು ಕೊಡಬೇಕೆಂದು ತೀರ್ಮಾನವಾಯಿತು. ಆಮೇಲೆ ಶೇಖರಪ್ಪ ಬೆಂಗಳೂರಿಗೆ ಒಯ್ಯುವ ಮನವಿ ಓದಿದ. ಅದರಲ್ಲಿ ಒಂದು ಸಾಲಿತ್ತು: ಗೌರವಾನ್ವಿತ ವ್ಯಾಪಾರಸ್ಥರಿಗೆ ಮುಜುಗರವಾಗದಂತೆ ಹದಿನೈದು ದಿನ ಮುಂಚಿತವಾಗಿ ತಿಳಿಸಿ ತಪಾಸಣೆ ಮಾಡತಕ್ಕದ್ದು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕೈಯೂ ಒಂದೆರಡು ಸಲ ತಟ್ಟಿತು. ಅತಿಥಿಯಾದವನು ಸುಮ್ಮನೆ ಕೂರುವುದು ಹೇಗೆ?

ಎಂಟು ತಿಂಗಳ ಮೇಲೆ ಸುತ್ತೋಲೆ ಬಂತು. ನನ್ನ ನಾಲ್ಕು ಪುಟದ ಒಂದು ಪದವೂ ಅದರಲ್ಲಿರಲಿಲ್ಲ. ಹದಿನೈದು ದಿನ ಮುಂಚಿತವಾಗಿ ತಿಳಿಸುವ ಸಾಲು ಇತ್ತು. ಮುಜುಗರವೂ ಹಾಗೇ ಇತ್ತು. ಅಂದು ಮೊದಲ ಸಲ ನನಗೆ ಈ ನೌಕರಿ ಸಾಕೆನಿಸಿತು. ಹಿರೇಹಡಗಲಿಯ ಗಿರವಿಯವನು ಕಂಡಕ್ಟರುಗಳನ್ನು ಹಿಡಿದು ಮಾಡುತ್ತಿದ್ದ ಕೆಲಸವನ್ನು ಇನ್ನು ಮೇಲೆ ಅಂಚೆ ಚೀಟಿ ಹಚ್ಚಿ ನಾನೇ ಮಾಡಬೇಕಿತ್ತು.

ಸಾಲದ್ದಕ್ಕೆ ಹರಪನಹಳ್ಳಿ ತಾಲ್ಲೂಕು ಬಳ್ಳಾರಿಯಿಂದ ಬಿಟ್ಟು ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು. ಶೇಖರಪ್ಪನ ಫೈನಾನ್ಸಿಗೆ ಹರಪನಹಳ್ಳಿಯಲ್ಲಿ ಒಂದು ಚಿಕ್ಕ ಶಾಖೆ ಇತ್ತು, ಒಂದು ಮೇಜು, ಎರಡು ಕುರ್ಚಿ. ಕಾಗದದ ಮೇಲೆ ಅದನ್ನೇ ಪ್ರಧಾನ ಕಚೇರಿ ಮಾಡಿಬಿಟ್ಟ. ಆದೇಶವಿಲ್ಲದೆ ಬಿದ್ದಿದ್ದ ನನ್ನ ವರದಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು. ತಪ್ಪು ನಡೆದದ್ದು ಕೊಟ್ಟೂರಿನಲ್ಲಿ, ನಮಗೆ ಸಂಬಂಧವಿಲ್ಲ ಎಂದು ಅವರು ವಾಪಸು ಕಳಿಸಿದರು. ಪ್ರಧಾನ ಕಚೇರಿ ನಿಮ್ಮಲ್ಲಿದೆ ಎಂದು ಬಳ್ಳಾರಿಯವರು ಮತ್ತೆ ಕಳಿಸಿದರು. ನಾನು ತಿಂಗಳಿಗೊಮ್ಮೆ ಜ್ಞಾಪನಾ ಪತ್ರ ಬರೆಯುತ್ತಿದ್ದೆ. ರಾಮರಾಯರು ನಿವೃತ್ತರಾದರು. ಬೀಳ್ಕೊಡುಗೆಯ ದಿನ ನನ್ನ ಕೈ ಹಿಡಿದು, "ನಿಮ್ಮ ವರದಿ ಸರಿಯಾಗಿತ್ತು" ಎಂದರು. ಅಷ್ಟು ಹೇಳಲು ಅವರಿಗೆ ನಿವೃತ್ತಿಯ ದಿನ ಬೇಕಾಯಿತು. ಸಿಟ್ಟು ಬಂತು, ಅಯ್ಯೋ ಎಂದೂ ಅನಿಸಿತು.

ಈ ನಡುವೆ ಎರಡು ಸಲ ಗುರುಸಿದ್ಧವ್ವನಿಗೆ ಹೇಳಿಯೇಬಿಡಬೇಕೆಂದು ಹೋದೆ. ಮೊದಲ ಸಲ ಮಣೆಯ ಮೇಲೆ ಶೇಖರಪ್ಪನ ಗುಮಾಸ್ತನೇ ಉಣ್ಣುತ್ತ ಕೂತಿದ್ದ. ಎರಡನೆಯ ಸಲ ಯಾರೂ ಇರಲಿಲ್ಲ. ಆಕೆ ಹಿಂದಿನ ಗೋಡೆ ಒಡೆಸಿ ಒಲೆಯನ್ನು ಅತ್ತ ಸರಿಸುವ ಯೋಚನೆ ಹೇಳತೊಡಗಿದಳು. "ಮನಿ ನಂದಾದ ಮ್ಯಾಲ ಮೊದ್ಲ ಹೊಗಿ ಹೊರಗ ಹೋಗೋ ದಾರಿ ಮಾಡ್ತೀನಿ. ಕಣ್ಣು ಹೋಗ್ತಾವ್ರಿ ಇಲ್ಲಿ." ನಾನು ಕೇಳಿಕೊಂಡು ಕೂತೆ. ಬಾಯಿಯವರೆಗೂ ಬಂದ ಮಾತನ್ನು ಮಜ್ಜಿಗೆಯ ಜೊತೆ ನುಂಗಿ ಎದ್ದೆ.

ಒಂದು ಸೋಮವಾರ ಬೆಳಿಗ್ಗೆ ಫೈನಾನ್ಸಿನ ಷಟರ್ ಏಳಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಬೀದಿ ತುಂಬ ಜನ, ಎಲ್ಲರ ಕೈಯಲ್ಲೂ ಹಸಿರು ಬಾಂಡು. ಶೇಖರಪ್ಪನ ಮನೆಗೂ ಬೀಗ. ಎಲ್ಲಿಗೆ ಹೋದನೋ ಇವತ್ತಿಗೂ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಯಾರೋ ಷಟರ್ ಎಬ್ಬಿಸಿ ಒಳಗೆ ನುಗ್ಗಿದರು. ಕುರ್ಚಿ, ಫ್ಯಾನು, ಕಡೆಗೆ ನೀರಿನ ಹೂಜಿಯನ್ನೂ ಒಯ್ದರು. ಗೋಡೆಯ ಮೇಲಿನ ಚೌಕಟ್ಟನ್ನು ಮಾತ್ರ ಯಾರೂ ಮುಟ್ಟಲಿಲ್ಲ. ನಾನು ಬೀದಿಯ ಆಚೆ ಬದಿಯಲ್ಲಿ ನಿಂತು ನೋಡಿದೆ. ಹತ್ತಿರ ಹೋಗಲು ಧೈರ್ಯ ಸಾಲಲಿಲ್ಲ.

ಮುಂದಿನ ವಾರ ಶಾಸಕರು ಬಂದು, ಅಧಿಕಾರಿಗಳ ಬೇಜವಾಬ್ದಾರಿಯಿಂದ ಬಡವರು ಹಾಳಾದರು, ತನಿಖೆ ಆಗಬೇಕು ಎಂದು ಭಾಷಣ ಮಾಡಿದರು. ತನಿಖೆ ಆಯಿತು. ಅಂಥ ಸಂಸ್ಥೆಯ ಪರವಾನಗಿಯನ್ನು ನವೀಕರಿಸಿದ್ದೇಕೆ ಎಂದು ನನಗೆ ನೋಟಿಸು ಬಂತು. ಮೂಲ ವರದಿ ಎರಡು ಜಿಲ್ಲೆಯಲ್ಲೂ ಸಿಗಲಿಲ್ಲ. ನನ್ನ ಬಳಿ ಕಾರ್ಬನ್ ಪ್ರತಿ ಇತ್ತು, ಅದರಿಂದ ನಾನು ಪಾರಾದೆ. ಆದರೆ ಒಂದು ವಿಷಯ ಹೊಸಬರು ತಿಳಿದಿರಲಿ. ಆ ಕಾರ್ಬನ್ ಪ್ರತಿ ನನ್ನನ್ನು ಉಳಿಸಿತೇ ಹೊರತು ಅದರಲ್ಲಿ ಹೆಸರಿದ್ದ ಒಬ್ಬರನ್ನೂ ಉಳಿಸಲಿಲ್ಲ. ಆರು ಪುಟ ಬರೆಯುವುದು ಸುಲಭ. ಬರೆದ ಮೇಲೆ ಕರ್ತವ್ಯ ಮುಗಿಯಿತೆಂದು ಹಾಯಾಗಿ ಊಟಕ್ಕೆ ಹೋಗಬಹುದು. ಈಗ ಎಲ್ಲ ಕಂಪ್ಯೂಟರಿನಲ್ಲಿದೆಯಂತೆ, ಕಡತ ಕಳೆಯುವುದಿಲ್ಲವಂತೆ. ಕಳೆಯದಿರಬಹುದು. ದೇಣಿಗೆ ಕೊಡುವವನು ನಿಮಗಿಂತ ಮುಂಚೆ ಅಲ್ಲಿ ಹೋಗಿ ಕೂತಿರುತ್ತಾನೆ ಎಂಬುದು ಯಾವ ಕಂಪ್ಯೂಟರಿನಿಂದ ಬದಲಾಗುತ್ತದೆ?

ಅದೇ ವರ್ಷ ಅಣ್ಣತಮ್ಮಂದಿರ ಪಾಲು ಮುಗಿಯಿತು. ಗುರುಸಿದ್ಧವ್ವನ ಬಳಿ ಕೊಡಲು ಏನೂ ಇರಲಿಲ್ಲ. ಮನೆಯನ್ನು ಒಬ್ಬ ಬಟ್ಟೆ ವ್ಯಾಪಾರಿ ಕೊಂಡ. ಅವನಿಗೆ ಖಾನಾವಳಿ ಬೇಕಿರಲಿಲ್ಲ. ಆಕೆ ಹರಪನಹಳ್ಳಿಯ ತಂಗಿಯ ಮನೆಗೆ ಹೋಗುವುದೆಂದಾಯಿತು. ಕೊನೆಯ ದಿನದ ಊಟಕ್ಕೆ ಹೋದೆ. ಪಾತ್ರೆಗಳನ್ನೆಲ್ಲ ಚೀಲಕ್ಕೆ ತುಂಬಿಯಾಗಿತ್ತು. ನನಗೊಬ್ಬನಿಗೇ ಒಂದು ತಾಟು ಹೊರಗಿಟ್ಟಿದ್ದಳು. ನಾನು ಅರ್ಧ ಉಂಡಿರಬೇಕು, ಆಕೆ ಒಲೆಯ ಮುಂದಿನಿಂದ ತಿರುಗಿ ಕೂತಳು.

"ಸಾಹೇಬ್ರ, ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬ್ಯಾಡ್ರಿ. ನಿಮಗ ಮೊದ್ಲ ಗೊತ್ತಿತ್ತೇನ್ರಿ?"

ಸುಳ್ಳು ಹೇಳಬೇಕೆಂದು ನಾನು ಯೋಚಿಸಿಕೊಂಡು ಹೋಗಿರಲಿಲ್ಲ.

"ಗೊತ್ತಿರಲಿಲ್ಲಕ್ಕ" ಎಂದೆ.

ಆಕೆಯ ಮುಖ ಹಗುರಾಯಿತು. "ನಾನೂ ಅದನ್ನ ಅಂದೆ. ಓಣ್ಯಾಗ ಎಲ್ಲಾರೂ, ಆ ಇನ್‌ಸ್ಪೆಕ್ಟರಗ ಗೊತ್ತಿಲ್ದ ಇರ್ತೈತೇನು ಅಂತಿದ್ರು. ಜಗಳಾನ ಮಾಡಿದೆ ನೋಡ್ರಿ ಅವರ ಕೂಡ. ಎಂಟು ವರ್ಷ ನನ್ನ ಕೈ ರೊಟ್ಟಿ ಉಂಡಾರ, ಗೊತ್ತಿದ್ರ ನನಗೊಂದು ಮಾತು ಹೇಳಲಾರದ ಇರ್ತಿದ್ರೇನು ಅಂದೆ."

ಹೆಂಚಿನ ಮೇಲಿದ್ದ ಕಡೆಯ ರೊಟ್ಟಿಯನ್ನು ತೆಗೆದು ನನ್ನ ತಾಟಿಗೆ ಹಾಕಿದಳು. ಬೇಡ ಎನ್ನಲು ಆಗಲಿಲ್ಲ. ಅದನ್ನೂ ಉಂಡೆ.